ವಿಧವೆಯ ಉದ್ಯಮವೂ ಪೌತಿ ಖಾತೆಯೂ

ಅತ್ತಿಬೆಲೆಯ ಸುತ್ತ ಕಾರ್ಖಾನೆಗಳು ಬಂದು ಭೂಮಿಗೆ ಬೆಲೆಯೇರಿದ ಮೇಲೆ, ಪತಿಯನ್ನು ಕಳೆದುಕೊಂಡ ತಾಯಿಯ ಹೆಸರಿಗೆ ಖಾತೆಯಾಗುವುದು ಎಷ್ಟು ಕಷ್ಟವೆಂಬುದನ್ನು ಗ್ರಾಮದ ಮುಖಂಡರು ಬಲ್ಲರು.

ಇಂತಹವಳಿಗೆ ಕಸುಬು ತಿಳಿಯದೆಂಬ ಮಾತನ್ನು ನಾನು ಒಪ್ಪಲಾರೆನು. ಹಾಲು ಕರೆದು ಸಂಘಕ್ಕೆ ಹಾಕುವವಳೂ ರೇಷ್ಮೆಹುಳುವಿಗೆ ಸೊಪ್ಪು ಕೊಡುವವಳೂ ಬಹುಮಟ್ಟಿಗೆ ಅವಳೇ. ಒಂದೇ ಹಸುವನ್ನು ನೆಚ್ಚಿದರೆ, ಅದು ಕರುಹಾಕುವ ಮುನ್ನ ಬತ್ತುವ ಸುಮಾರು 2 ತಿಂಗಳು ಕೈ ಬರಿದಾಗುವುದು; ರೇಷ್ಮೆಯಾದರೋ, ಮೊಟ್ಟೆಯೊಡೆದ ಹುಳು ಒಂದು ತಿಂಗಳೊಳಗೆ ಗೂಡು ಕಟ್ಟುವುದು. ಹುಳು ತಿಂದುಳಿದ ಸೊಪ್ಪು ಹಸುವಿಗೆ, ಹಸುವಿನ ಗೊಬ್ಬರ ಹಿಪ್ಪುನೇರಳೆಗೆ. ಈ ಜೋಡಿ ಕಸುಬು ಅರ್ಧ ಎಕರೆಯಲ್ಲಿಯೂ ಸಾಗತಕ್ಕದ್ದು. ಆದರೆ ಪಹಣಿಯಲ್ಲಿ ಹೆಸರಿಲ್ಲದವಳಿಗೆ ಬೆಳೆಸಾಲವೂ ಇಲ್ಲ, ಹುಳುಮನೆಯ ಸಹಾಯಧನವೂ ಇಲ್ಲ. ಹೊಲಿಗೆಯಂತ್ರವೊಂದನ್ನು ದಾನಮಾಡಿ ಭಾವಚಿತ್ರ ತೆಗೆಸಿಕೊಳ್ಳುವುದು ಇದಕ್ಕಿಂತ ಸುಲಭವೇನೋ ಹೌದು.

ವಿಧವೆಗೆ ಅನ್ನವಸ್ತ್ರವಷ್ಟೇ ಹಕ್ಕು ಎನ್ನುವ ಹಿರಿಯರು ಈಗಲೂ ಇದ್ದಾರೆ. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕಿಗಾಗಿ ಶಾಸನ ಮಾಡಿತ್ತು. 1956ರ ಹಿಂದೂ ಉತ್ತರಾಧಿಕಾರ ಶಾಸನವು ಪತ್ನಿಯನ್ನು ಮಕ್ಕಳೊಡನೆ ಮೊದಲ ವರ್ಗದ ವಾರಸುದಾರಳನ್ನಾಗಿ ಮಾಡಿ, ಬಂದ ಪಾಲಿಗೆ ಪೂರ್ಣ ಒಡೆತನವನ್ನು ಕೊಟ್ಟಿತು.

ಆದಕಾರಣ, ಊರಿನಲ್ಲಿ ಮರಣವಾದೊಡನೆ ಮರಣಪತ್ರವನ್ನೂ ವಂಶವೃಕ್ಷವನ್ನೂ ನಾಡಕಚೇರಿಗೆ ಸಲ್ಲಿಸಿ ಪೌತಿ ಖಾತೆ ಮಾಡಿಸಲು ಮುಖಂಡರೇ ಮುಂದಾಗಬೇಕೆಂದು ನನ್ನ ಬಿನ್ನಹ. ತಿಥಿ ಕಳೆಯಲಿ, ಮಕ್ಕಳು ದೊಡ್ಡವರಾಗಲಿ ಎಂದು ವರ್ಷಗಳನ್ನು ನೂಕುವುದು ಬೇಡ. ಸೊಸೆಯ ಹೆಸರನ್ನು ಬಿಟ್ಟು ಬರೆದ ವಂಶವೃಕ್ಷಕ್ಕೆ, ಬರೆಸಿದವರು ಎಷ್ಟೇ ಆಪ್ತರಾಗಿರಲಿ, ತಾವು ಸಾಕ್ಷಿ ಹಾಕಕೂಡದು.