ಮುಖ ತೋರದ ಕನ್ನಡಿ

ಬರ್ತ್ ಮೊರಿಸೋ ಎಂಬ ಫ್ರೆಂಚ್ ಚಿತ್ರಕಾರ್ತಿಯು ‘ಪ್ರಸಾಧನದಲ್ಲಿ ತೊಡಗಿದ ಹೆಂಗಸು’ ಎಂಬ ತನ್ನ ತೈಲಚಿತ್ರವನ್ನು 1880ರಲ್ಲಿ ಪ್ಯಾರಿಸ್ ನಗರದಲ್ಲಿ ನಡೆದ ಇಂಪ್ರೆಷನಿಸ್ಟರ ಐದನೆಯ ಪ್ರದರ್ಶನದಲ್ಲಿ ಇರಿಸಿದಳು. ಆ ಪಟವು ಈಗ ಷಿಕಾಗೋ ಕಲಾಸಂಸ್ಥೆಯಲ್ಲಿದೆ. ಅದರ ಪ್ರತಿಕೃತಿಯನ್ನು ನೋಡಿದ ಮಿತ್ರರೊಬ್ಬರು, “ಕೆಲಸ ಅರೆಬರೆ, ವಿಷಯ ಕ್ಷುದ್ರ, ಹೆಂಗಸು ಹೆರಳು ತಿದ್ದಿಕೊಳ್ಳುವುದರಲ್ಲಿ ಕಲೆಯೇನು ಬಂತು?” ಎಂದು ಅಪ್ಪಣೆ ಕೊಡಿಸಿದರು. ವಿದ್ವಾಂಸರ ಬಾಯಲ್ಲಿಯೇ ಇಂಥ ಮಾತು ಬಂದಮೇಲೆ ಸುಮ್ಮನಿರುವುದು ಸಾಧುವಲ್ಲ.

ಹೆಂಗಸು ನಮಗೆ ಬೆನ್ನುಮಾಡಿ, ತೋಳೆತ್ತಿ ಕೂದಲನ್ನು ಸರಿಪಡಿಸಿಕೊಳ್ಳುತ್ತಿದ್ದಾಳೆ. ಬೂದು, ನಸುಗೆಂಪು, ತಿಳಿನೀಲಿ, ಬಿಳುಪುಗಳ ಬಿರುಸಾದ ಕುಂಚದ ಬೀಸುಗಳಲ್ಲಿ ಉಡುಪೆಲ್ಲಿ ಮುಗಿಯಿತು, ಗೋಡೆಯೆಲ್ಲಿ ಮೊದಲಾಯಿತು ಎಂಬುದು ಥಟ್ಟನೆ ತಿಳಿಯದು. ಅರೆಬರೆ ಎಂದದ್ದು ಇದನ್ನೇ. ಕ್ಷಣಮಾತ್ರದ ಬೆಳಕನ್ನು ಹಿಡಿಯಹೊರಟವಳು ಸುತ್ತಲೂ ಗೆರೆಯ ಬೇಲಿ ಹಾಕಿದರೆ ಬೆಳಕು ನಿಂತೀತೆ? ಅದಿರಲಿ, ಕನ್ನಡಿಯನ್ನು ನೋಡಿರಿ. ಅದರಲ್ಲಿ ಅವಳ ಮುಖವೇ ಇಲ್ಲ! ಪುಡಿ ಹಚ್ಚುವ ಕುಚ್ಚು, ಒಂದು ಭರಣಿ, ಹೂವಿನ ಎಸಳು, ಇಷ್ಟೇ ಮಸುಕುಮಸುಕಾಗಿ ಬಿಂಬಿಸಿವೆ. ಕನ್ನಡಿಯ ಕೆಳಅಂಚಿನಲ್ಲಿ ಬರೆದವಳ ಹೆಸರಿದೆ. ನೋಡುವವನು ಮುಖವನ್ನು ಬೇಡಿದರೆ ಅವನಿಗೆ ಸಿಕ್ಕುವುದು ಚಿತ್ರಕಾರ್ತಿಯ ರುಜು. ವಾಚ್ಯಕ್ಕಿಂತ ವ್ಯಂಗ್ಯವೇ ಮೇಲೆಂದು ಆನಂದವರ್ಧನನ ಮತವನ್ನು ಹುಡುಗರಿಗೆ ಪಾಠಹೇಳತಕ್ಕವರು, ಪಟದ ಮುಂದೆ ನಿಂತೊಡನೆ “ಮುಖವೆಲ್ಲಿ?” ಎಂದು ಕೇಳುವುದು ಯಾವ ನ್ಯಾಯ? (ಮೊದಲ ಸಲ ನಾನೂ ಹಾಗೆಯೇ ಕೇಳಿದೆನೆಂದು ಒಪ್ಪಿಕೊಳ್ಳತಕ್ಕದ್ದೇ.)

ಇನ್ನು ವಿಷಯದ ಮಾತು. ಆಕೆಯ ಗಂಡನ ಅಣ್ಣನಾದ ಎದ್ವಾರ್ ಮಾನೆ 1877ರಲ್ಲಿ ‘ನಾನಾ’ ಎಂಬ ಪಟವನ್ನು ಬರೆದನು. ಅಲ್ಲಿಯೂ ಕನ್ನಡಿಯೆದುರು ಹೆಂಗಸೊಬ್ಬಳಿದ್ದಾಳೆ. ಆದರೆ ಅವಳು ನಮ್ಮ ಕಡೆಗೆ ತಿರುಗಿ ನೋಡುತ್ತಾಳೆ, ಹಿಂದೆ ಟೋಪಿ ಧರಿಸಿದ ಗೃಹಸ್ಥನೊಬ್ಬನು ಅವಳನ್ನು ನೋಡುತ್ತ ಕುಳಿತಿದ್ದಾನೆ. ಮೊರಿಸೋ ಬರೆದ ಕೋಣೆಯಲ್ಲಿ ಆ ಗೃಹಸ್ಥನಿಗೆ ಆಸನವಿಲ್ಲ. ನಮ್ಮ ಮಿತ್ರರ ಅಸಮಾಧಾನಕ್ಕೆ ಇದೇ ಮೂಲವೆಂದು ನನ್ನ ಸಂಶಯ. ಪ್ಯಾರಿಸ್ಸಿನ ಸರಕಾರೀ ಕಲಾಶಾಲೆಯು 1897ರವರೆಗೆ ಹೆಂಗಸರನ್ನು ಸೇರಿಸಿಕೊಳ್ಳಲಿಲ್ಲ. ಗಂಡಸರು ಕುಳಿತು ಚಿತ್ರಿಸುತ್ತಿದ್ದ ಕಾಫಿಯಂಗಡಿಗೆ ಮರ್ಯಾದಸ್ಥರ ಮನೆಯ ಹೆಣ್ಣು ಒಬ್ಬಳೇ ಹೋಗುವಂತಿರಲಿಲ್ಲ. ಒಳಮನೆಯಲ್ಲಿಯೇ ಇರಿಸಿ, ಒಳಮನೆಯನ್ನು ಬರೆದಳೆಂದು ಹಳಿಯುವುದು ವಿಮರ್ಶೆಯಲ್ಲ, ಕುಚೋದ್ಯ.

ಇಂಪ್ರೆಷನಿಸ್ಟರ ಎಂಟು ಪ್ರದರ್ಶನಗಳ ಪೈಕಿ ಏಳರಲ್ಲಿ ಈಕೆಯ ಪಟಗಳಿದ್ದವು. ತಪ್ಪಿದ್ದು, ಮಗಳು ಹುಟ್ಟಿದ ತರುವಾಯದ 1879ರದು ಮಾತ್ರ. 1895ರಲ್ಲಿ ಆಕೆ ತೀರಿಕೊಂಡಾಗ ಮರಣಪತ್ರವನ್ನು ಬರೆದ ಗುಮಾಸ್ತನು ಉದ್ಯೋಗವನ್ನು ನಮೂದಿಸಬೇಕಾದಲ್ಲಿ ‘ಯಾವುದೂ ಇಲ್ಲ’ ಎಂದು ತುಂಬಿದನು. ಆ ಗುಮಾಸ್ತನು ಪಟಗಳನ್ನು ನೋಡಿದವನಲ್ಲ. ನಮ್ಮ ಮಿತ್ರರಾದರೋ ನೋಡಿದ್ದಾರೆ.