ಬಣ್ಣ ಒಣಗಿದ ಮೇಲಿನ ಕೆಲಸ

ಹಳೆಯ ಕಾರೊಂದರ ಜೀರ್ಣೋದ್ಧಾರ ಯಾವ ದಿನ ಮುಗಿಯುತ್ತದೆ? ಬಣ್ಣ ಒಣಗಿ, ಕ್ರೋಮ್ ಹೊಳೆದು, ನೆಂಟರಿಷ್ಟರು ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಂಡ ದಿನ ಎಂಬುದು ಸಾಮಾನ್ಯ ನಂಬಿಕೆ. ನಮ್ಮ ಅಭಿಪ್ರಾಯದಲ್ಲಿ ಅಂದು ಅರ್ಧ ಕೆಲಸ ಮಾತ್ರ ಮುಗಿದಿರುತ್ತದೆ. ಹೊಸ ಮನೆಯ ಗುಣ ಗೃಹಪ್ರವೇಶದ ದಿನ ತಿಳಿಯುವುದಿಲ್ಲ, ಮೊದಲ ಮಳೆಗಾಲದಲ್ಲಿ ತಿಳಿಯುತ್ತದೆ. ಕಾರಿನ ಮಾತೂ ಅಷ್ಟೆ.

ಈ ಅಭಿಪ್ರಾಯ ನಮಗೆ ಓದಿನಿಂದ ಬಂದದ್ದಲ್ಲ. ಎರಡು ವರ್ಷಗಳ ಹಿಂದೆ ರಜೆ ಪಡೆದು ಅಮೆರಿಕದ ಮಿಷಿಗನ್‌ನಲ್ಲಿರುವ ಭಾವಮೈದುನನ ಮನೆಗೆ ಹೋಗಿದ್ದೆವು. ಅವನು ಬಹುಕಾಲ ಹಂಬಲಿಸಿ ಕೊಂಡಿದ್ದ 1964ರ ಪಾಂಟಿಯಾಕ್ ಜಿಟಿಒ ಕಾರು ಮೂರು ವರ್ಷ ಕಾರ್ಯಾಗಾರವೊಂದರಲ್ಲಿದ್ದು ಆ ವಾರವಷ್ಟೇ ಮನೆಗೆ ಬಂದಿತ್ತು. ಅದರ ಕಪ್ಪು ಮೈಯಲ್ಲಿ ನಮ್ಮ ಮುಖ ಕಾಣುತ್ತಿತ್ತು. ಸಂಸಾರ ಸಮೇತ ಹೊರಟೆವು. ಏಳೆಂಟು ಮೈಲಿ ಕ್ರಮಿಸಿರಬೇಕು, ಸಿಗ್ನಲ್ ದೀಪವೊಂದರ ಮುಂದೆ ಬ್ರೇಕಿನ ಪೆಡಲು ತಡೆಯಿಲ್ಲದೆ ನೆಲಕ್ಕೆ ಇಳಿದುಹೋಯಿತು. ಗೇರು ಇಳಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಕಾರನ್ನು ರಸ್ತೆಯಂಚಿನ ಹುಲ್ಲಿಗೆ ಹತ್ತಿಸಿ ಅವನು ನಿಲ್ಲಿಸಿದಾಗ ಹಿಂದಿನ ಆಸನದಲ್ಲಿ ಮಕ್ಕಳನ್ನು ಹಿಡಿದುಕೊಂಡಿದ್ದ ನಮ್ಮ ಕೈಗಳು ನಡುಗುತ್ತಿದ್ದವು.

ಕಾರಣ ಅತಿ ಸಣ್ಣದು. ಬಲ ಹಿಂಚಕ್ರದ ಬ್ರೇಕ್ ಸಿಲಿಂಡರಿನ ರಬ್ಬರು ಹಳೆಯದಾಗಿ ಒಡೆದಿತ್ತು. ಅದರ ಹೊರಮೈಗೆ ಮಾತ್ರ ಹೊಸ ಬಣ್ಣ ಬಳಿದಿದ್ದರು. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆ ನೆನಪಾಯಿತು.

ಆದರೆ ಒಂದು ಚಕ್ರದ ಸೋರಿಕೆಯಿಂದ ನಾಲ್ಕೂ ಚಕ್ರಗಳ ಬ್ರೇಕು ಹೋದದ್ದೇಕೆ? ಇಲ್ಲಿ ಆ ಕಾಲದ ವಿನ್ಯಾಸವನ್ನು ಅರಿಯಬೇಕು. ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಕೂಡದೆಂಬ ನಿಯಮ ಜನರಲ್ ಮೋಟಾರ್ಸ್ ಕಂಪನಿಯೊಳಗಿತ್ತು. ಪಾಂಟಿಯಾಕ್ ವಿಭಾಗದವರು ಅದನ್ನು ಜಾಣತನದಿಂದ ದಾಟಿ, ದೊಡ್ಡ ಕಾರಿನ 389 ಘನ ಅಂಗುಲದ ಎಂಜಿನನ್ನು ಐಚ್ಛಿಕ ಸೌಲಭ್ಯವೆಂಬ ಹೆಸರಿನಲ್ಲಿ ಚಿಕ್ಕ ಮೈಯೊಳಗೆ ಇಳಿಸಿದರು. 325 ಅಶ್ವಶಕ್ತಿಯ ಆ ಕಾರಿನಿಂದಲೇ ಮಸಲ್ ಕಾರುಗಳ ಯುಗ ಆರಂಭವಾಯಿತೆಂದು ಹೇಳುವವರು ಬಹಳ. ಓಟಕ್ಕೆ ದೊರೆತ ಗಮನ ನಿಲುಗಡೆಗೆ ದೊರೆಯಲಿಲ್ಲ. ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕು, ಎಲ್ಲಕ್ಕೂ ಸೇರಿ ಒಂದೇ ದ್ರವಮಾರ್ಗದ ಮಾಸ್ಟರ್ ಸಿಲಿಂಡರ್. ಎಲ್ಲಿ ಸೋರಿದರೂ ಎಲ್ಲವೂ ಹೋಗುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಪ್ರತ್ಯೇಕ ಮಾರ್ಗವಿರುವ ಜೋಡಿ ಸಿಲಿಂಡರ್ ಈ ಕಾರಿಗೆ ಬಂದದ್ದು 1967ರ ಮಾದರಿಯಲ್ಲಿ.

ಹಾಗಾದರೆ ಜೋಡಿ ಸಿಲಿಂಡರನ್ನು ಹಳೆಯ ಕಾರಿಗೆ ಅಳವಡಿಸಬಹುದೇ? ಶುದ್ಧತಾವಾದಿಗಳು ಕೂಡದೆನ್ನುತ್ತಾರೆ. ಕಾರ್ಖಾನೆಯಿಂದ ಹೊರಟಾಗ ಇದ್ದಂತೆಯೇ ಇರಬೇಕು, ಇಲ್ಲವಾದರೆ ಅದು ಇತಿಹಾಸದ ದಾಖಲೆಯಾಗಿ ಉಳಿಯದು ಎಂಬುದು ಅವರ ವಾದ. ಇದರಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ವಸ್ತುಸಂಗ್ರಹಾಲಯದಲ್ಲಿ ನಿಲ್ಲುವ ಕಾರಿಗೆ ಆ ವಾದ ಸರಿ. ಆದರೆ ಮಕ್ಕಳನ್ನು ಕೂರಿಸಿಕೊಂಡು ಇಂದಿನ ದಟ್ಟಣೆಯಲ್ಲಿ ಹೋಗುವ ಕಾರಿಗೆ ಅಲ್ಲ. ರಸ್ತೆ ಬದಲಾಗಿದೆ. ನಮ್ಮ ಮುಂದಿರುವ ಹೊಸ ಕಾರು ಅರ್ಧ ದೂರದಲ್ಲೇ ನಿಲ್ಲಬಲ್ಲದು. ಮೂಲ ಸಿಲಿಂಡರನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟು ಜೋಡಿ ಸಿಲಿಂಡರನ್ನು ಹಾಕುವುದರಿಂದ ಇತಿಹಾಸಕ್ಕೆ ಅಪಚಾರವಾಗದು. ಬೇಕೆಂದಾಗ ಮರಳಿ ಜೋಡಿಸಬಹುದು. ಹೋದ ಜೀವವನ್ನು ಹಾಗೆ ಮರಳಿ ಜೋಡಿಸಲಾಗದು.

ಎರಡನೆಯ ಮಾತು, ಕೆಲಸದ ಅನುಕ್ರಮದ್ದು. ಹೊಸದಾಗಿ ಕಟ್ಟಿದ ಕಾರನ್ನು ಶ್ರುತಿಗೊಳಿಸಲು ಹೊರಟವರು ಮೊದಲು ಕೈಹಾಕುವುದು ಕಾರ್ಬುರೇಟರಿಗೆ, ಏಕೆಂದರೆ ಅದರ ಫಲ ಕಿವಿಗೆ ಇಂಪಾಗಿ ಕೇಳಿಸುತ್ತದೆ. ಇದು ತಲೆಕೆಳಗಾದ ಕ್ರಮ. ಮೊದಲು ಬ್ರೇಕು ಮತ್ತು ಸ್ಟಿಯರಿಂಗ್, ಬಳಿಕ ರೇಡಿಯೇಟರ್ ಮತ್ತು ಇಂಧನದ ಕೊಳವೆಗಳು, ಆಮೇಲೆ ಇಗ್ನಿಷನ್, ಕಾರ್ಬುರೇಟರ್ ಕಟ್ಟಕಡೆಗೆ. ಇಗ್ನಿಷನ್ನಿನಲ್ಲಿಯೂ ಮೊದಲು ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳನ್ನು 30 ಡಿಗ್ರಿ ಡ್ವೆಲ್‌ಗೆ ಹೊಂದಿಸಿ, ಅನಂತರವೇ ಟೈಮಿಂಗ್ ನೋಡಬೇಕು. ಡ್ವೆಲ್ ಬದಲಾದರೆ ಟೈಮಿಂಗ್ ತಾನಾಗಿ ಬದಲಾಗುತ್ತದೆ. ಕ್ರಮ ತಪ್ಪಿದರೆ ಮಾಡಿದ್ದನ್ನೇ ಮತ್ತೆ ಮಾಡಬೇಕಾಗುತ್ತದೆ. ಕಿಡಿಯ ದೋಷವನ್ನು ಪೆಟ್ರೋಲಿನ ದೋಷವೆಂದು ಭ್ರಮಿಸಿ ದಿನಗಟ್ಟಲೆ ಜೆಟ್ ಬದಲಿಸುತ್ತ ಕೂತವರು ಕಡಿಮೆಯಿಲ್ಲ.

ಭಾವಮೈದುನನಿಗೆ ನಾವು ಕೊಟ್ಟ ಸಲಹೆ ಒಂದೇ, ಅದೂ ನಮ್ಮ ಕಚೇರಿಯಿಂದ ಕಲಿತದ್ದು: ಪ್ರತಿಯೊಂದನ್ನೂ ಬರೆದಿಡು, ಒಂದು ಸಲಕ್ಕೆ ಒಂದನ್ನೇ ಬದಲಿಸು. ಸರಕಾರಿ ಕಡತದ ಟಿಪ್ಪಣಿಯನ್ನು ಎಲ್ಲರೂ ಹಾಸ್ಯ ಮಾಡುತ್ತಾರೆ. ಆದರೆ ಯಾರು, ಯಾವಾಗ, ಏಕೆ ಬದಲಿಸಿದರೆಂಬುದು ಅಲ್ಲಿರುತ್ತದೆ. ಕಾರ್ಯಾಗಾರದವರು ಮೂರು ವರ್ಷಗಳ ಕೆಲಸಕ್ಕೆ ಕೊಟ್ಟ ಪಟ್ಟಿಯಲ್ಲಿ ಬಣ್ಣದ ಪದರಗಳ ಲೆಕ್ಕವಿತ್ತು, ಬ್ರೇಕ್ ಸಿಲಿಂಡರುಗಳನ್ನು ಬಿಚ್ಚಿ ನೋಡಿದ ದಾಖಲೆ ಇರಲಿಲ್ಲ.

ಇದು ಅಮೆರಿಕದ ಮಾತು, ನಮಗೇಕೆ ಎನ್ನುವಂತಿಲ್ಲ. 50 ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸುವ ಕೇಂದ್ರದ ನಿಯಮ 2021ರಲ್ಲಿ ಬಂದಿದೆ. ಪ್ರದರ್ಶನ, ರ‍್ಯಾಲಿ, ಇಂಧನ, ದುರಸ್ತಿಯಂಥ ಕೆಲಸಗಳಿಗಲ್ಲದೆ ಅವು ರಸ್ತೆಗೆ ಇಳಿಯುವಂತಿಲ್ಲ. ನಿಯಮವನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ವರ್ಷಕ್ಕೆರಡು ಸಲ ಹೊರಬರುವ ಕಾರಿನಲ್ಲಿ ರಬ್ಬರು ಒಣಗುತ್ತದೆ, ಎಥನಾಲ್ ಬೆರೆತ ಇಂದಿನ ಪೆಟ್ರೋಲು ಹಳೆಯ ಕೊಳವೆಗಳನ್ನು ತಿನ್ನುತ್ತದೆ, ಬ್ರೇಕಿನ ದ್ರವ ತೇವ ಹೀರುತ್ತದೆ. ದೆಹಲಿಯಲ್ಲಾಗಲಿ ಮುಂಬಯಿಯಲ್ಲಾಗಲಿ ರ‍್ಯಾಲಿ ನಡೆಸುವವರು ಬಹುಮಾನಕ್ಕೆ ಮೊದಲು ಬ್ರೇಕಿನ ಪರೀಕ್ಷೆ ಇಡಲಿ. ಲಾರಿಯ ಮೇಲೇರಿ ಬಂದ ಹೊಳಪಿಗಿಂತ ತನ್ನ ಚಕ್ರಗಳ ಮೇಲೆ ಬಂದು, ಹೇಳಿದಲ್ಲಿ ನಿಂತ ಕಾರಿಗೆ ಮನ್ನಣೆ ಸಲ್ಲಲಿ. ಅಂಕಗಳು ಎಲ್ಲಿವೆಯೋ ಅಲ್ಲಿಗೆ ಮಾಲೀಕರ ಹಣವೂ ಹರಿಯುತ್ತದೆ.

ಭಾವಮೈದುನ 500 ಮೈಲಿ ಓಡಿಸುವವರೆಗೆ ಕಾರಿನಲ್ಲಿ ಒಬ್ಬನೇ ಹೋದ. ದಿನಚರಿಯಲ್ಲಿ ನಲವತ್ತಮೂರು ದೋಷಗಳನ್ನು ಬರೆದುಕೊಂಡ, ಒಂದೊಂದನ್ನೇ ಸರಿಪಡಿಸಿದ. ಕಳೆದ ಆಗಸ್ಟಿನಲ್ಲಿ ಡೆಟ್ರಾಯಿಟ್‌ನ ವುಡ್‌ವರ್ಡ್ ರಸ್ತೆಯಲ್ಲಿ ಪ್ರತಿವರ್ಷ ನಡೆಯುವ ಹಳೆಯ ಕಾರುಗಳ ಮೆರವಣಿಗೆಗೆ ಹೆಂಡತಿ ಮಕ್ಕಳನ್ನು ಕರೆದೊಯ್ದನೆಂದು ಫೋನಿನಲ್ಲಿ ತಿಳಿಸಿದ. ಬಾನೆಟ್ಟಿನ ಬಣ್ಣ ಎರಡು ಕಡೆ ಕಲ್ಲು ಸಿಡಿದು ಕಿತ್ತಿದೆಯಂತೆ. ಅದನ್ನು ಹೇಳುವಾಗ ಅವನ ದನಿಯಲ್ಲಿ ದುಃಖವೇನೂ ಇರಲಿಲ್ಲ.