ಕೈ ಆಪರೇಷನ್‌ನ ಇಂಜೆಕ್ಷನ್‌ಗೆ ಬೇರೆ ಔಷಧಿ ಬೆರೆಸುವುದು ಕಲಬೆರಕೆಯೇ?

ಅಡಿಕೆ ಕೊನೆ ತೆಗೆಯಲು ಮರ ಹತ್ತಿ ಬಿದ್ದವರು, ಬೈಕ್ ಜಾರಿ ಕೈ ಮುರಿದುಕೊಂಡವರು ಶಿವಮೊಗ್ಗ, ಭದ್ರಾವತಿ ಕಡೆ ಎಲ್ಲರಿಗೂ ಗೊತ್ತಿರುತ್ತಾರೆ. ಇಂಥವರ ಆಪರೇಷನ್‌ಗೆ ಪೂರ್ತಿ ಪ್ರಜ್ಞೆ ತಪ್ಪಿಸದೆ ಕೈಯನ್ನಷ್ಟೇ ಮರಗಟ್ಟಿಸುವುದು ಈಗ ಸಾಮಾನ್ಯ. ಆದರೆ ಸಂಜೆಯಾದರೂ ಬೆರಳು ಅಲ್ಲಾಡದಿದ್ದಾಗ ಮನೆಯವರಿಗೆ ಗಾಬರಿಯಾಗುತ್ತದೆ. ‘ಇಂಜೆಕ್ಷನ್‌ಗೆ ಏನೋ ಬೆರೆಸಿದ್ದಾರಂತೆ’ ಎಂಬ ಮಾತು ಫೋನಿನಿಂದ ಫೋನಿಗೆ ಹೋಗುವಷ್ಟರಲ್ಲಿ ‘ಕಲಬೆರಕೆ’ ಆಗಿಬಿಡುತ್ತದೆ. ಬೆರೆಸುವುದು ನಿಜ, ಕಲಬೆರಕೆ ಎನ್ನುವುದು ಸುಳ್ಳು. ಹೇಗೆ ಎಂದು ನೋಡೋಣ.

ಕೈ ಮರಗಟ್ಟುವುದು ಹೇಗೆ?

ಕೈಗೆ ಹೋಗುವ ನರಗಳೆಲ್ಲ ಕುತ್ತಿಗೆಯಿಂದ ಹೊರಟು, ಕಾಲರ್ ಬೋನ್ ಹಿಂದೆ ಹಾದು, ಕಂಕುಳಿನ ಮೂಲಕ ಇಳಿಯುತ್ತವೆ. ಈ ನರಗಳ ಗೊಂಚಲಿಗೆ ಬ್ರೇಕಿಯಲ್ ಪ್ಲೆಕ್ಸಸ್ ಎಂದು ಹೆಸರು. ಅರಿವಳಿಕೆ ತಜ್ಞರು ಇದರ ಸುತ್ತ ಲಿಗ್ನೊಕೇನ್, ಬುಪಿವಕೇನ್ ಅಥವಾ ರೋಪಿವಕೇನ್ ಕೊಡುತ್ತಾರೆ. ಇವು ನರದೊಳಗೆ ಸೋಡಿಯಂ ಹೋಗುವ ದಾರಿಯನ್ನು ಮುಚ್ಚುವುದರಿಂದ ನೋವಿನ ಸಂದೇಶ ಮೆದುಳಿಗೆ ತಲುಪುವುದಿಲ್ಲ.

ಹೆಚ್ಚು ಹೊತ್ತು ನೋವು ತಡೆಯಲು ಇದೇ ಔಷಧಿಯನ್ನು ಎಷ್ಟು ಬೇಕಾದರೂ ಹೆಚ್ಚಿಸುವಂತಿಲ್ಲ. ರಕ್ತಕ್ಕೆ ಅತಿಯಾಗಿ ಸೇರಿದರೆ ಫಿಟ್ಸ್ ಬರಬಹುದು, ಹೃದಯದ ಬಡಿತ ಏರುಪೇರಾಗಬಹುದು. ಅದಕ್ಕಾಗಿಯೇ ಸಹಾಯಕ ಔಷಧಿ ಬೇಕಾಗುತ್ತದೆ.

ಏನನ್ನು ಬೆರೆಸುತ್ತಾರೆ?

ಈ ಪದ್ಧತಿ ಹೊಸದಲ್ಲ. ಜರ್ಮನಿಯ ವೈದ್ಯ ಹೈನ್ರಿಶ್ ಬ್ರೌನ್ 1903ರಲ್ಲೇ ಅರಿವಳಿಕೆ ಔಷಧಿಗೆ ಅಡ್ರಿನಲಿನ್ ಬೆರೆಸುವ ಬಗ್ಗೆ ಬರೆದಿದ್ದರು. ಅದು ರಕ್ತನಾಳಗಳನ್ನು ಕುಗ್ಗಿಸಿ ಔಷಧಿ ಬೇಗ ರಕ್ತಕ್ಕೆ ಸೇರದಂತೆ ತಡೆಯುತ್ತದೆ. ಹಲ್ಲು ಕೀಳಿಸುವಾಗ ಕೊಡುವ ಇಂಜೆಕ್ಷನ್‌ನಲ್ಲೂ ಇದು ಸಾಮಾನ್ಯವಾಗಿ ಇರುತ್ತದೆ.

ಕೋವಿಡ್ ಕಾಲದಲ್ಲಿ ಹೆಸರು ಕೇಳಿದ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಇನ್ನೊಂದು. ಇದು ಕೈ ಮರಗಟ್ಟಿರುವ ಅವಧಿಯನ್ನು ಸರಾಸರಿ ಆರೇಳು ಗಂಟೆ ಹೆಚ್ಚಿಸುತ್ತದೆ ಎಂದು 2017ರ ಕಾಕ್ರೇನ್ ಪರಾಮರ್ಶೆ ಹೇಳುತ್ತದೆ. ಕ್ಲೋನಿಡಿನ್, ಡೆಕ್ಸ್‌ಮೆಡಿಟೊಮಿಡಿನ್, ಬ್ಯೂಪ್ರೆನಾರ್ಫಿನ್ ಕೂಡ ಬಳಕೆಯಲ್ಲಿವೆ.

ಹಾಗಾದರೆ ಅಪಾಯವೇ ಇಲ್ಲವೇ?

ಇದೆ. ಕ್ಲೋನಿಡಿನ್, ಡೆಕ್ಸ್‌ಮೆಡಿಟೊಮಿಡಿನ್ ಕೊಟ್ಟಾಗ ಬಿಪಿ, ನಾಡಿಬಡಿತ ಇಳಿಯಬಹುದು, ಮಂಪರು ಬರಬಹುದು. ಬ್ಯೂಪ್ರೆನಾರ್ಫಿನ್‌ನಿಂದ ವಾಂತಿಯಾಗಬಹುದು. ಡೆಕ್ಸಾಮೆಥಸೋನ್ ಸಕ್ಕರೆ ಕಾಯಿಲೆಯವರ ಶುಗರ್ ಏರಿಸಬಹುದು. ಅದನ್ನು ನರದ ಪಕ್ಕ ಕೊಡುವುದು ಲೇಬಲ್‌ನಲ್ಲಿ ಬರೆದ ಬಳಕೆಯಲ್ಲ, ಅಧ್ಯಯನಗಳ ಆಧಾರದ ಮೇಲೆ ವೈದ್ಯರು ತೆಗೆದುಕೊಳ್ಳುವ ನಿರ್ಧಾರ. ರಕ್ತನಾಳಕ್ಕೆ ಕೊಟ್ಟರೂ ಹೆಚ್ಚುಕಡಿಮೆ ಅಷ್ಟೇ ಪ್ರಯೋಜನ ಸಿಗುವುದರಿಂದ ಕೆಲವರು ಹಾಗೆಯೇ ಕೊಡುತ್ತಾರೆ. ನರಕ್ಕೆ ಶಾಶ್ವತ ಹಾನಿಯಾಗುವುದು ಅಪರೂಪ.

ಮನೆಗೆ ಹೋದ ಮೇಲೆ ಎಚ್ಚರ

ಸಣ್ಣ ಆಪರೇಷನ್ ಆದವರು ಅದೇ ದಿನ ಶಿವಮೊಗ್ಗದಿಂದ ಭದ್ರಾವತಿ ಬಸ್ ಹತ್ತುವುದುಂಟು. ಆಗ ಕೈಗೆ ಬಿಸಿಯೂ ತಿಳಿಯದು, ಪೆಟ್ಟೂ ತಿಳಿಯದು. ಕೈಯನ್ನು ಜೋಳಿಗೆಯಲ್ಲೇ ಇಟ್ಟುಕೊಳ್ಳಿ. ಬಿಸಿನೀರು, ಒಲೆಯಿಂದ ದೂರವಿರಿ. ಜೋಮು ಇಳಿಯುವುದು ನಡುರಾತ್ರಿಯಾದರೆ ನೋವು ಒಮ್ಮೆಲೇ ನುಗ್ಗುತ್ತದೆ. ವೈದ್ಯರು ಬರೆದುಕೊಟ್ಟ ನೋವಿನ ಮಾತ್ರೆಯನ್ನು ಅವರು ಹೇಳಿದ ಹೊತ್ತಿಗೆ, ನೋವು ಶುರುವಾಗುವ ಮೊದಲೇ ನುಂಗಿ.

ಬೆರಳು ತಣ್ಣಗಾಗಿ ಬಿಳಿಚಿಕೊಂಡರೆ ಅಥವಾ ನೀಲಿಗಟ್ಟಿದರೆ, ಪಟ್ಟಿಯೊಳಗೆ ಊತ ಬಿಗಿಯಾದರೆ, ಮಾತ್ರೆಗೂ ಬಗ್ಗದ ನೋವು ಏರುತ್ತಲೇ ಹೋದರೆ ಬೆಳಗಾಗಲಿ ಎಂದು ಕಾಯಬೇಡಿ. ವೈದ್ಯರು ಹೇಳಿದ ಗಂಟೆ ದಾಟಿಯೂ ಜೋಮು ಇಳಿಯದಿದ್ದರೆ ಆಸ್ಪತ್ರೆಗೆ ತಿಳಿಸಿ.

ಕೊನೆಯ ಮಾತು

ಸಿಮ್ಸ್‌ಗೆ ಸೇರಿದ ಮೆಗ್ಗಾನ್ ಆಸ್ಪತ್ರೆಯಾಗಲಿ, ಖಾಸಗಿ ನರ್ಸಿಂಗ್ ಹೋಮ್ ಆಗಲಿ, ಆಪರೇಷನ್‌ಗೆ ಮೊದಲು ಅರಿವಳಿಕೆ ತಜ್ಞರನ್ನು ಮೂರು ಪ್ರಶ್ನೆ ಕೇಳಿ: ಏನು ಕೊಡುತ್ತೀರಿ? ಎಷ್ಟು ಗಂಟೆ ಕೈ ಅಲ್ಲಾಡುವುದಿಲ್ಲ? ಯಾವಾಗ ವಾಪಸ್ ಬರಬೇಕು? ಶುಗರ್, ಬಿಪಿ, ಹೃದಯದ ತೊಂದರೆ, ಅಲರ್ಜಿ ಇದ್ದರೆ ಮುಚ್ಚಿಡಬೇಡಿ. ಹೆದರಿಸುವ ಮೆಸೇಜ್ ಬಂದರೆ ಫಾರ್ವರ್ಡ್ ಮಾಡುವ ಬದಲು, ಕೈ ಆಪರೇಷನ್‌ಗೆ ಹೊರಟವರಿಗೆ ಈ ಮೂರು ಪ್ರಶ್ನೆಗಳನ್ನು ಕಳಿಸಿ.